ಪರಿಚಯವೆಂಬ ಬಂಡವಾಳ

2024ರ ನವೆಂಬರ್ ತಿಂಗಳ ಮೂರನೆಯ ವಾರ. ಅಂತಿಮ ವರ್ಷದ ಎಂಜಿನಿಯರಿಂಗ್ ಓದುತ್ತಿದ್ದ ನಾಲ್ವರು ವಿದ್ಯಾರ್ಥಿಗಳನ್ನು ಕರೆದುಕೊಂಡು ನಾನು ‘ಬೆಂಗಳೂರು ಟೆಕ್ ಸಮಿಟ್’ ನೋಡಲು ಹೊರಟಿದ್ದೆ. ನಮ್ಮದು ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದ ಕಾಲೇಜು. ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಹುಡುಗಿಯರಿಗೆ ಜೊತೆಯಾಗಿ ನಮ್ಮ ವಿಭಾಗದ ಸಹೋದ್ಯೋಗಿಯೊಬ್ಬರು ಬಂದಿದ್ದರು. ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು, ಮಲ್ಲೇಶ್ವರದಲ್ಲಿದ್ದ ಸಹೋದ್ಯೋಗಿಯ ಅಕ್ಕನ ಮನೆಯಲ್ಲಿ ಸ್ನಾನ, ತಿಂಡಿ ಮುಗಿಸಿ ಬೆಂಗಳೂರು ಅರಮನೆಯ ಆವರಣ ಸೇರುವ ಹೊತ್ತಿಗೆ ಒಳಗೆ ಹೋಗುವವರ ಸಾಲು ಉದ್ದಕ್ಕೆ ಬೆಳೆದಿತ್ತು.

ನನ್ನ ಜೇಬಿನಲ್ಲಿ ವಿಸಿಟಿಂಗ್ ಕಾರ್ಡುಗಳ ಪುಟ್ಟದೊಂದು ಡಬ್ಬಿ ಇತ್ತು. 2009ರಲ್ಲಿ ಮುದ್ರಿಸಿದ ಕಾರ್ಡುಗಳು. ಅವುಗಳಲ್ಲಿದ್ದ ಸ್ಥಿರ ದೂರವಾಣಿ ಸಂಖ್ಯೆಯನ್ನು ಪೆನ್ನಿನಿಂದ ಹೊಡೆದುಹಾಕಿ, ಪಕ್ಕದಲ್ಲಿ ಮೊಬೈಲ್ ಸಂಖ್ಯೆ ಬರೆದುಕೊಂಡಿದ್ದೆ. ಮೊದಲ ಮಳಿಗೆಯಲ್ಲಿ ನಿಂತಿದ್ದ ತರುಣನಿಗೆ ಒಂದು ಕಾರ್ಡು ಕೊಟ್ಟೆ. ಆತ ಅದನ್ನು ಎರಡೂ ಕೈಯಿಂದ ವಿನಯವಾಗಿಯೇ ಪಡೆದು, ಫೋನಿನಲ್ಲಿ ಅದರ ಚಿತ್ರ ತೆಗೆದುಕೊಂಡು, ಕಾರ್ಡನ್ನು ನನಗೇ ಹಿಂದಿರುಗಿಸಿದ. ಹಿಂದಿದ್ದ ನನ್ನ ಶಿಷ್ಯರು ನಗು ತಡೆದುಕೊಂಡದ್ದು ನನಗೆ ತಿಳಿಯಿತು. ಅಂದು ಅಲ್ಲಿ ಕಾರ್ಡು ಕೊಡುವವರು ಅಪರೂಪವಾಗಿದ್ದರು. ಎದುರುಬದುರು ನಿಂತ ಇಬ್ಬರು ತಮ್ಮ ಫೋನುಗಳ ಪರದೆಯ ಮೇಲಿನ ಕಪ್ಪು–ಬಿಳುಪು ಚೌಕವನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಮರುಕ್ಷಣವೇ ಇಬ್ಬರೂ ಲಿಂಕ್ಡ್‌ಇನ್ ಜಾಲತಾಣದಲ್ಲಿ ‘ಸಂಪರ್ಕಿತ’ರಾಗಿರುತ್ತಿದ್ದರು.

ಈ ಕ್ರಿಯೆಯನ್ನು ನಾನು ಅದುವರೆಗೆ ಲಘುವಾಗಿಯೇ ಕಂಡವನು. ‘ನೆಟ್‌ವರ್ಕಿಂಗ್’ ಎಂಬುದು ವಶೀಲಿಗೆ ಕೊಟ್ಟ ಇಂಗ್ಲಿಷ್ ಹೆಸರು ಎಂದು ತರಗತಿಯಲ್ಲಿ ಹಲವು ಬಾರಿ ಹೇಳಿದ್ದೇನೆ. ‘ನೀವು ಕೆಲಸ ಚೆನ್ನಾಗಿ ಮಾಡಿ, ಅದು ತಾನಾಗಿ ಮಾತನಾಡುತ್ತದೆ’ ಎಂಬುದು ನನ್ನ ಮಾಮೂಲಿ ಉಪದೇಶ. ಅಂದು ಸಂಜೆಯ ಹೊತ್ತಿಗೆ ಆ ಉಪದೇಶದ ಬೆಲೆಯನ್ನು ನಾನಲ್ಲ, ನನ್ನ ವಿದ್ಯಾರ್ಥಿಯೊಬ್ಬ ತೆತ್ತಿದ್ದಾನೆ ಎಂಬುದು ನನಗೆ ತಿಳಿದುಬಂತು. ಈ ಬರಹ ಅದರ ಕುರಿತು.

ಒಂದೇ ವರ್ಷ ಹುಟ್ಟಿದ ಎರಡು ಸಂಸ್ಥೆಗಳು

ಬೆಂಗಳೂರಿನ ಈ ಸಮಾವೇಶಕ್ಕೆ ಈಗ ಕಾಲು ಶತಮಾನಕ್ಕೂ ಮೀರಿದ ಇತಿಹಾಸವಿದೆ. 1998ರಲ್ಲಿ, ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ‘ಬೆಂಗಳೂರು ಐಟಿ ಡಾಟ್ ಕಾಮ್’ ಎಂಬ ಹೆಸರಿನಲ್ಲಿ ಅದು ಆರಂಭವಾಯಿತು. ಹೆಸರು ಒಂದೆರಡು ಬಾರಿ ಬದಲಾಗಿ, 2017ರಲ್ಲಿ ಜೈವಿಕ ತಂತ್ರಜ್ಞಾನದ ಮೇಳವನ್ನೂ ಕೂಡಿಸಿಕೊಂಡು ‘ಬೆಂಗಳೂರು ಟೆಕ್ ಸಮಿಟ್’ ಆಯಿತು. 2020ರಲ್ಲಿ ಕೊರೊನಾ ಕಾರಣದಿಂದ ಇಡೀ ಸಮಾವೇಶ ಆನ್‌ಲೈನ್‌ನಲ್ಲೇ ನಡೆಯಿತು.

ಅದೇ 1998ರಲ್ಲಿ ರಾಜ್ಯದಲ್ಲಿ ಇನ್ನೊಂದು ಸಂಸ್ಥೆಯೂ ಹುಟ್ಟಿತು: ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಅಲ್ಲಿಯವರೆಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಹಂಚಿಹೋಗಿದ್ದ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಸೂರಿನಡಿ ಬಂದವು. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಪಠ್ಯಕ್ರಮ, ಒಂದೇ ಪ್ರಶ್ನೆಪತ್ರಿಕೆ, ಒಂದೇ ಪದವಿ ಪ್ರಮಾಣಪತ್ರ. ಜಿಲ್ಲೆ, ತಾಲ್ಲೂಕುಗಳ ಮಕ್ಕಳೂ ಬೆಂಗಳೂರಿನ ಮಕ್ಕಳಂತೆಯೇ ಸೆಮಿಸ್ಟರ್ ಪರೀಕ್ಷೆ ಬರೆಯತೊಡಗಿದರು. ಒಂದೆಡೆ ಉದ್ಯಮದ ಜಾತ್ರೆ, ಇನ್ನೊಂದೆಡೆ ಆ ಉದ್ಯಮಕ್ಕೆ ಬೇಕಾದವರನ್ನು ಸಿದ್ಧಗೊಳಿಸುವ ವಿಶ್ವವಿದ್ಯಾಲಯ. ಇವೆರಡರ ನಡುವೆ ದಾರಿ ತಾನಾಗಿಯೇ ಆಗುತ್ತದೆ ಎಂದು ನಾವೆಲ್ಲ ನಂಬಿದ್ದೆವು.

ಆ ಮೊದಲ ವರ್ಷಗಳ ಸಮಾವೇಶಗಳಲ್ಲೊಂದಕ್ಕೆ ಹೊಸ ಉಪನ್ಯಾಸಕನಾಗಿ ನಾನೂ ಹೋಗಿದ್ದೆ. ಕೈಚೀಲದ ತುಂಬ ಬಣ್ಣಬಣ್ಣದ ಕರಪತ್ರಗಳನ್ನು ತುಂಬಿಕೊಂಡು ಬಂದು ವಿಭಾಗದ ಗ್ರಂಥಾಲಯದಲ್ಲಿ ಜೋಡಿಸಿಟ್ಟೆ. ಆಗಿನ ನನ್ನ ತಿಳಿವಳಿಕೆಯಲ್ಲಿ ಸಮಾವೇಶವೆಂದರೆ ಮಾಹಿತಿ, ಮಾಹಿತಿಯೆಂದರೆ ಕಾಗದ. ಇಂದು ಕರಪತ್ರದಲ್ಲಿದ್ದದ್ದೆಲ್ಲ ಮನೆಯಲ್ಲೇ ಕುಳಿತು ಓದಬಹುದು. ಭಾಷಣಗಳನ್ನು ಯೂಟ್ಯೂಬ್‌ನಲ್ಲಿ ನೋಡಬಹುದು. ಆದರೂ ಸಾವಿರಾರು ಜನ ಮೂರು ದಿನ ಒಂದೆಡೆ ಸೇರುತ್ತಾರೆ ಎಂದರೆ ಅವರು ಬರುವುದು ಭಾಷಣಕ್ಕಲ್ಲ, ಒಬ್ಬರನ್ನೊಬ್ಬರು ಕಾಣಲಿಕ್ಕೆ. ನಮ್ಮ ಜಾತ್ರೆಗಳಿಗೂ ಜನ ತೇರು ನೋಡಲು ಮಾತ್ರ ಬರುತ್ತಿರಲಿಲ್ಲ. ದನದ ವ್ಯಾಪಾರ, ಹೆಣ್ಣು–ಗಂಡಿನ ಮಾತುಕತೆ, ಮುಂದಿನ ಬೆಳೆಯ ಬೀಜದ ವಿಚಾರ ಎಲ್ಲವೂ ತೇರಿನ ನೆರಳಿನಲ್ಲೇ ನಡೆಯುತ್ತಿದ್ದವು.

ಈ ಕಾಣುವಿಕೆಯ ಸ್ವರೂಪವನ್ನು ಬದಲಿಸಿದ್ದು ಸಾಮಾಜಿಕ ಜಾಲತಾಣಗಳು. ಲಿಂಕ್ಡ್‌ಇನ್ ಸಾರ್ವಜನಿಕರಿಗೆ ತೆರೆದುಕೊಂಡದ್ದು 2003ರ ಮೇ ತಿಂಗಳಲ್ಲಿ. 2007ರ ಮಾರ್ಚ್‌ನಲ್ಲಿ ಅಮೆರಿಕದ ಆಸ್ಟಿನ್ ನಗರದ ‘ಸೌತ್ ಬೈ ಸೌತ್‌ವೆಸ್ಟ್’ ಸಮಾವೇಶದಲ್ಲಿ, ಆಗಿನ್ನೂ ಒಂದು ವರ್ಷವೂ ತುಂಬದ ಟ್ವಿಟರ್ ಸಂಸ್ಥೆ ಸಭಾಂಗಣದ ಹೊರಗಿನ ಹಜಾರದಲ್ಲಿ ದೊಡ್ಡ ಪರದೆಗಳನ್ನು ನಿಲ್ಲಿಸಿತು. ಯಾವ ಗೋಷ್ಠಿ ಸಪ್ಪೆಯಾಗಿದೆ, ಯಾವುದು ಚೆನ್ನಾಗಿದೆ, ಯಾರು ಎಲ್ಲಿದ್ದಾರೆ ಎಂದು ಬಂದವರು ಬರೆದದ್ದೆಲ್ಲ ಆ ಪರದೆಗಳ ಮೇಲೆ ಹರಿಯತೊಡಗಿತು. ದಿನಕ್ಕೆ 20 ಸಾವಿರದಷ್ಟಿದ್ದ ಟ್ವೀಟ್‌ಗಳ ಸಂಖ್ಯೆ ಆ ದಿನಗಳಲ್ಲಿ 60 ಸಾವಿರಕ್ಕೆ ಏರಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕ್ರಿಸ್ ಮೆಸ್ಸಿನಾ ಎಂಬ ವಿನ್ಯಾಸಕ, ಒಂದೇ ವಿಷಯದ ಮಾತುಗಳನ್ನು ಗುಂಪುಗೂಡಿಸಲು ಪದದ ಮುಂದೆ ಒಂದು ಚಿಹ್ನೆ ಹಾಕಬಾರದೇಕೆ ಎಂದು ಸೂಚಿಸಿದರು. ಹ್ಯಾಷ್‌ಟ್ಯಾಗ್ ಹುಟ್ಟಿದ್ದು ಹಾಗೆ; ಅವರು ಕೊಟ್ಟ ಉದಾಹರಣೆಯೂ ‘ಬಾರ್‌ಕ್ಯಾಂಪ್’ ಎಂಬ ತಂತ್ರಜ್ಞರ ಕೂಟದ್ದೇ. ಟ್ವಿಟರ್ 2023ರಲ್ಲಿ ‘ಎಕ್ಸ್’ ಎಂದು ಹೆಸರು ಬದಲಿಸಿಕೊಂಡರೂ ಈ ಅಭ್ಯಾಸ ಉಳಿದುಕೊಂಡಿದೆ. ಈಗ ಸಮಾವೇಶವೆಂಬುದು ಉದ್ಘಾಟನೆಯಂದು ಆರಂಭವಾಗುವುದಿಲ್ಲ. ಹದಿನೈದು ದಿನ ಮೊದಲೇ ಯಾರು ಬರುತ್ತಾರೆಂದು ಹುಡುಕಿ, ಅವರಿಗೆ ನಾಲ್ಕು ಸಾಲು ಬರೆದು, ಭೇಟಿಯ ಸಮಯ ಗೊತ್ತು ಮಾಡಿಕೊಂಡವರಿಗೆ ಸಮಾವೇಶದ ಮೂರು ದಿನಗಳು ಸುಗ್ಗಿ. ನಮ್ಮಂತೆ ಬರಿಗೈಯಲ್ಲಿ ಹೋದವರಿಗೆ ಅದು ಬರಿಯ ನೋಟ.

ಮಳಿಗೆಯ ಮುಂದೆ ಮತ್ತು ಚಹಾದ ಬಳಿ

ನನ್ನ ವಿದ್ಯಾರ್ಥಿನಿಯರಲ್ಲೊಬ್ಬಳು ಅಡಿಕೆ ತೋಟದ ಮಣ್ಣಿನ ತೇವಾಂಶ ಅಳೆದು, ಹನಿ ನೀರಾವರಿಯ ಮೋಟಾರಿಗೆ ಸೂಚನೆ ಕಳುಹಿಸುವ ಸಾಧನವೊಂದನ್ನು ತಯಾರಿಸಿದ್ದಳು. ಕೆಲವು ನೂರು ರೂಪಾಯಿಗೆ ಸಿಗುವ ‘ಇಎಸ್‌ಪಿ32’ ಎಂಬ ಸಣ್ಣ ಬೋರ್ಡು, ಅದಕ್ಕೊಂದು ಸೆನ್ಸರ್. ಪರೀಕ್ಷೆ ನಡೆದದ್ದು ಅವಳ ತಂದೆಯ ಎರಡು ಎಕರೆ ತೋಟದಲ್ಲೇ. ಎರಡು ತಿಂಗಳು ಸರಿಯಾಗಿ ಕೆಲಸ ಮಾಡಿದ ಸಾಧನ ಆಮೇಲೆ ತಪ್ಪು ಅಳತೆ ತೋರಿಸತೊಡಗಿತ್ತು. ಏಕೆಂದು ಅವಳಿಗೂ ತಿಳಿದಿರಲಿಲ್ಲ, ಮಾರ್ಗದರ್ಶಕನಾದ ನನಗೂ ತಿಳಿದಿರಲಿಲ್ಲ.

ಕೃಷಿ ಉಪಕರಣಗಳ ಮಳಿಗೆಯೊಂದರಲ್ಲಿ ಅವಳು ಆ ಪ್ರಶ್ನೆ ಕೇಳಿದಳು. ಅಲ್ಲಿದ್ದ ಮಹಿಳಾ ಎಂಜಿನಿಯರ್ ಆಸಕ್ತಿಯಿಂದ ಕೇಳಿಸಿಕೊಂಡರು. ಅಷ್ಟರಲ್ಲಿ ಬೇರೆ ಯಾರೋ ಗಣ್ಯರು ಬಂದರು. ‘ನಿಮ್ಮ ಪ್ರಶ್ನೆ ಚೆನ್ನಾಗಿದೆ. ಲಿಂಕ್ಡ್‌ಇನ್‌ನಲ್ಲಿ ಇದ್ದೀರಾ? ಅಲ್ಲಿ ಬರೆಯಿರಿ, ಬಿಡುವಾಗಿ ನೋಡುತ್ತೇನೆ’ ಎಂದರು ಆಕೆ. ಹುಡುಗಿ ನನ್ನ ಮುಖ ನೋಡಿದಳು. ಅವಳಿಗೆ ಅಲ್ಲಿ ಖಾತೆ ಇರಲಿಲ್ಲ. ಅದು ಕಾಲಹರಣವೆಂದು ತರಗತಿಯಲ್ಲಿ ಹೇಳಿದವನು ನಾನೇ.

ಮಧ್ಯಾಹ್ನದ ಚಹಾದ ಹೊತ್ತಿಗೆ ಹಿಂದಿನಿಂದ ‘ಸರ್’ ಎಂಬ ಧ್ವನಿ ಕೇಳಿ ತಿರುಗಿದೆ. 2020ರಲ್ಲಿ ಪದವಿ ಮುಗಿಸಿದ ನನ್ನ ಹಳೆಯ ವಿದ್ಯಾರ್ಥಿ. ಕೊರಳಲ್ಲಿ ಕಂಪನಿಯೊಂದರ ಗುರುತಿನ ಪಟ್ಟಿ. ಕಾಲಿಗೆ ನಮಸ್ಕರಿಸಲು ಬಗ್ಗಿದವನನ್ನು ತಡೆದು ಯೋಗಕ್ಷೇಮ ವಿಚಾರಿಸಿದೆ. ಮಾತು ಹಾಗೆಯೇ ಹಿಂದಿನದಕ್ಕೆ ಹೋಯಿತು. ಕ್ಯಾಂಪಸ್ ಸಂದರ್ಶನದಲ್ಲಿ ಸಿಕ್ಕಿದ್ದ ಕೆಲಸ ಕೊರೊನಾದಿಂದ ಕೈತಪ್ಪಿತಂತೆ. ಹದಿನಾಲ್ಕು ತಿಂಗಳು ಸೋದರಮಾವನ ಗೊಬ್ಬರದ ಅಂಗಡಿಯಲ್ಲಿ ಬಿಲ್ಲು ಬರೆದನಂತೆ. ‘ಆಗ ನನಗೆ ಒಂದು ಮಾತು ತಿಳಿಸಬಾರದಿತ್ತೇನಪ್ಪಾ?’ ಎಂದು ನಾನು ಕೇಳಿಬಿಟ್ಟೆ.

ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಆರೋಪದ ಲವಲೇಶವೂ ಇಲ್ಲದ ದನಿಯಲ್ಲಿ, ‘ಲಿಂಕ್ಡ್‌ಇನ್‌ನಲ್ಲಿ ಬರೆದಿದ್ದೆ ಸರ್’ ಎಂದ. ನನಗಿಂತ ಹತ್ತು ವರ್ಷ ಹಿಂದಿನ ಶಿಷ್ಯನೊಬ್ಬ ಒಂದು ದೊಡ್ಡ ಸಂಸ್ಥೆಯಲ್ಲಿದ್ದಾನೆಂದು ತರಗತಿಯಲ್ಲಿ ನಾನು ಹೆಮ್ಮೆಯಿಂದ ಹೇಳುತ್ತಿದ್ದುದು ಅವನಿಗೆ ನೆನಪಿತ್ತು. ಆ ಹಿರಿಯನಿಗೆ ತನ್ನನ್ನು ಪರಿಚಯಿಸಲು ಕೇಳಿದ್ದ. ‘ಶಿಫಾರಸು ಮಾಡಿ ಅಂತ ಕೇಳಿರಲಿಲ್ಲ ಸರ್. ಅಲ್ಲಿ ಯಾವ ಕೆಲಸಕ್ಕೆ ಜನ ತಗೋತಾರೆ, ಏನು ಓದ್ಕೋಬೇಕು ಅಂತ ಕೇಳೋದಿತ್ತು, ಅಷ್ಟೆ.’

ನನಗೆ ಆ ಸಂದೇಶದ ನೆನಪು ಬಂತು. ಓದಿದ್ದೆ. ‘ಇವನೂ ವಶೀಲಿಗೆ ಬಂದ’ ಎಂದುಕೊಂಡು ಮುಚ್ಚಿದ್ದೆ. ಅಂದು ರಾತ್ರಿ ಊರಿನ ಬಸ್ಸಿನಲ್ಲಿ ಕುಳಿತು ಫೋನು ತೆರೆದು ನೋಡಿದೆ. 2020ರ ಆಗಸ್ಟ್ ತಿಂಗಳಲ್ಲಿ ಬಂದದ್ದು. ಆರು ಸಾಲಿನ, ಅತ್ಯಂತ ಸಭ್ಯವಾದ ಸಂದೇಶ. ಅದರ ಮೇಲೂ ಕೆಳಗೂ ಬೇರೆ ವಿದ್ಯಾರ್ಥಿಗಳು ಬರೆದ ಇನ್ನೂ ಹನ್ನೊಂದು ಸಂದೇಶಗಳು. ಯಾವುದಕ್ಕೂ ನಾನು ಉತ್ತರಿಸಿರಲಿಲ್ಲ. ಹದಿನಾಲ್ಕು ತಿಂಗಳ ಗೊಬ್ಬರದಂಗಡಿಗೆ ನನ್ನ ಮೌನವೊಂದೇ ಕಾರಣವಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಒಂದು ಸಾಲಿನ ಉತ್ತರ ಬರೆಯಲು ಎರಡು ನಿಮಿಷ ಸಾಕಿತ್ತು ಎಂಬ ಸತ್ಯ ಆ ಸಮಾಧಾನದಿಂದ ಅಳಿಯುವುದಿಲ್ಲ.

ತೆಳು ನಂಟಿನ ಬಲ

ನಾನು ತಪ್ಪಿದ್ದು ಎಲ್ಲಿ ಎಂದು ಯೋಚಿಸುವಾಗ ಸಮಾಜಶಾಸ್ತ್ರದ ಒಂದು ಹಳೆಯ ಅಧ್ಯಯನ ಸಹಾಯಕ್ಕೆ ಬಂತು. ಅಮೆರಿಕದ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ‘ತೆಳು ನಂಟುಗಳ ಬಲ’ ಎಂಬ ಅರ್ಥದ ಶೀರ್ಷಿಕೆಯ ಪ್ರಬಂಧವೊಂದನ್ನು ಪ್ರಕಟಿಸಿದರು. ಬಾಸ್ಟನ್ ನಗರದ ಹೊರವಲಯದಲ್ಲಿ, ಪರಿಚಿತರ ಮೂಲಕ ಕೆಲಸದ ಸುಳಿವು ಪಡೆದ ಉದ್ಯೋಗಿಗಳನ್ನು ಅವರು ಕೇಳಿದ ಪ್ರಶ್ನೆ ಸರಳವಾದದ್ದು: ಆ ಪರಿಚಿತರನ್ನು ನೀವು ಆಗ ಎಷ್ಟು ಬಾರಿ ಭೇಟಿಯಾಗುತ್ತಿದ್ದಿರಿ? ಆಗಾಗ್ಗೆ ಎಂದವರು ಶೇ 16.7ರಷ್ಟು ಮಾತ್ರ. ಯಾವಾಗಲಾದರೊಮ್ಮೆ ಎಂದವರು ಶೇ 55.6. ಅಪರೂಪಕ್ಕೆ ಎಂದವರು ಶೇ 27.8. ಅಂದರೆ ಕೆಲಸದ ಸುದ್ದಿ ತಂದವರು ಆಪ್ತರಲ್ಲ, ಅರೆ ಪರಿಚಿತರು.

ಕಾರಣವೂ ಸರಳವೇ. ನಮ್ಮ ಆಪ್ತರಿಗೆ ತಿಳಿದಿರುವುದು ಬಹುಮಟ್ಟಿಗೆ ನಮಗೂ ತಿಳಿದಿರುತ್ತದೆ. ನಾವೂ ಅವರೂ ಓಡಾಡುವುದು ಅದೇ ಬೀದಿಯಲ್ಲಿ, ಅದೇ ಮದುವೆ ಮನೆಗಳಲ್ಲಿ. ಹೊಸ ಸುದ್ದಿ ಬರಬೇಕಾದರೆ ಬೇರೆ ಬೀದಿಯಲ್ಲಿ ಓಡಾಡುವವರೊಬ್ಬರು ಬೇಕು. ಸುಮಾರು ಅರ್ಧ ಶತಮಾನದ ನಂತರ, 2022ರಲ್ಲಿ, ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು ಲಿಂಕ್ಡ್‌ಇನ್‌ನ 2 ಕೋಟಿಗೂ ಹೆಚ್ಚು ಸದಸ್ಯರ ಐದು ವರ್ಷಗಳ ಮಾಹಿತಿ ಇಟ್ಟುಕೊಂಡು ಈ ಸಿದ್ಧಾಂತವನ್ನು ಪರೀಕ್ಷಿಸಿತು. ತೀರ ಗಟ್ಟಿಯಾದ ನಂಟಿಗಿಂತ ಸಾಧಾರಣ ತೆಳುವಾದ ನಂಟುಗಳೇ ಉದ್ಯೋಗ ಬದಲಾವಣೆಗೆ ಹೆಚ್ಚು ನೆರವಾಗುತ್ತವೆ. ಡಿಜಿಟಲ್ ತಂತ್ರಜ್ಞಾನ ಹೆಚ್ಚು ಬಳಕೆಯಲ್ಲಿರುವ ಉದ್ಯಮಗಳಲ್ಲಂತೂ ಇದು ಇನ್ನಷ್ಟು ಸತ್ಯ ಎಂಬುದು ಅದರ ನಿಷ್ಕರ್ಷೆ.

ಇದನ್ನು ನಮ್ಮ ಊರಿಗೆ ಅನ್ವಯಿಸಿ ನೋಡೋಣ. ಗಟ್ಟಿ ನಂಟುಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ಅಂದು ಬೆಳಿಗ್ಗೆ ಆರು ಜನಕ್ಕೆ ಬಿಸಿನೀರು ಕಾಯಿಸಿ, ಉಪ್ಪಿಟ್ಟು ಬಡಿಸಿದ ಮಲ್ಲೇಶ್ವರದ ಆ ಅಕ್ಕನ ಮನೆಯೇ ಅದಕ್ಕೆ ಸಾಕ್ಷಿ. ಕೆಲಸ ಹೋದವನಿಗೆ ತನ್ನ ಅಂಗಡಿಯಲ್ಲಿ ಜಾಗ ಕೊಟ್ಟ ಸೋದರಮಾವನೂ ಹಾಗೆಯೇ. ಗಟ್ಟಿ ನಂಟು ನಮ್ಮನ್ನು ಬೀಳದಂತೆ ಹಿಡಿಯುತ್ತದೆ. ಆದರೆ ಬೆಂಗಳೂರಿನ ಯಾವ ಕಂಪನಿಯಲ್ಲಿ ಯಾವ ಕೌಶಲಕ್ಕೆ ಬೇಡಿಕೆಯಿದೆ ಎಂಬುದನ್ನು ಆ ಸೋದರಮಾವ ಹೇಳಲಾರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಳೆಯ ಮೈಸೂರು ಸೀಮೆಯ ಸಮುದಾಯಗಳು ಬೆಂಗಳೂರು, ಮೈಸೂರುಗಳಲ್ಲಿ ವಿದ್ಯಾರ್ಥಿನಿಲಯಗಳನ್ನು ಕಟ್ಟಿದ್ದು ಇದೇ ಅಂತರವನ್ನು ದಾಟಲು. ಹಳ್ಳಿಯ ಹುಡುಗನಿಗೆ ಅಲ್ಲಿ ಊಟ, ವಸತಿಗಳ ಜೊತೆಗೆ ಪರಿಚಯವೂ ದೊರೆಯಿತು. ಎಷ್ಟೋ ಮನೆತನಗಳ ಮೊದಲ ಪದವೀಧರರು ಆ ನಿಲಯಗಳಿಂದ ಬಂದವರು. ಆದರೆ ಆ ಪರಿಚಯದ ಗಡಿ ಬಹುತೇಕ ಸಮುದಾಯದ ಗಡಿಯೇ ಆಗಿತ್ತು. ಒಳಗಿದ್ದವರಿಗೆ ಅದು ಏಣಿ, ಹೊರಗಿದ್ದವರಿಗೆ ಗೋಡೆ.

ಹಾಗಾದರೆ ನೆಟ್‌ವರ್ಕಿಂಗ್ ಮತ್ತು ವಶೀಲಿ ಎರಡೂ ಒಂದೇ ಅಲ್ಲವೆ ಎಂಬ ನನ್ನ ಹಳೆಯ ಪ್ರಶ್ನೆಗೆ ಈಗ ನನ್ನದೇ ಉತ್ತರವೊಂದು ದೊರೆತಿದೆ. ಒಂದು ಪರಿಚಯದಿಂದ ನನಗೆ ದೊರೆತದ್ದು ಮಾಹಿತಿಯೆ, ವಿನಾಯಿತಿಯೆ? ಪರೀಕ್ಷೆ ಇದೆ ಎಂಬ ಸುದ್ದಿ ತಿಳಿದರೆ ಅದು ಮಾಹಿತಿ. ಪರೀಕ್ಷೆಯನ್ನೇ ಬರೆಯದೆ ಒಳಗೆ ಹೋದರೆ ಅದು ವಿನಾಯಿತಿ. ಮೊದಲನೆಯದರಿಂದ ಬೇರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಹಂಚಿದಷ್ಟೂ ಅದು ಬೆಳೆಯುತ್ತದೆ. ಎರಡನೆಯದು ಇನ್ನೊಬ್ಬರ ಪಾಲನ್ನು ಕಿತ್ತುಕೊಂಡೇ ದೊರೆಯುವಂಥದು. ವಶೀಲಿಯನ್ನು ಕಂಡು ಹೇಸಿಕೊಳ್ಳುವ ನಮ್ಮ ಮಧ್ಯಮ ವರ್ಗದ ಸಂಕೋಚ ಮೆಚ್ಚತಕ್ಕದ್ದೇ. ಆದರೆ ಆ ಸಂಕೋಚದಲ್ಲಿ ನಾವು ಮಾಹಿತಿಯ ಬಾಗಿಲನ್ನೂ ಮುಚ್ಚಿಬಿಡುತ್ತೇವೆ. ಮಜವೆಂದರೆ, ನಮ್ಮ ಸ್ವಂತ ಮಕ್ಕಳ ವಿಷಯದಲ್ಲಿ ಈ ಸಂಕೋಚ ನಮಗೆ ಅಷ್ಟಾಗಿ ಬಾಧಿಸುವುದಿಲ್ಲ. ನನ್ನ ಮಗ ಪದವಿ ಮುಗಿಸಿದಾಗ ನಾನು ಮೂವರು ಸ್ನೇಹಿತರಿಗೆ ಫೋನು ಮಾಡಿ ಸಲಹೆ ಕೇಳಿದ್ದೆ. ಅದನ್ನು ನಾನು ವಶೀಲಿ ಎಂದು ಕರೆದಿರಲಿಲ್ಲ.

ಜಾಲದ ಮಿತಿಗಳು

ಇಷ್ಟು ಹೇಳಿದ ಮಾತ್ರಕ್ಕೆ ಸಾಮಾಜಿಕ ಜಾಲತಾಣಗಳೇ ಎಲ್ಲ ಅಸಮಾನತೆಗೂ ಮದ್ದು ಎಂದು ನಾನು ನಂಬಿದ್ದೇನೆಂದು ಯಾರೂ ಭಾವಿಸಬೇಕಾಗಿಲ್ಲ. ಲಿಂಕ್ಡ್‌ಇನ್‌ನ ಸದಸ್ಯತ್ವ 2023ರ ನವೆಂಬರ್‌ನಲ್ಲಿ 100 ಕೋಟಿಯ ಗಡಿ ದಾಟಿತು. ಅದು 2016ರಿಂದ ಮೈಕ್ರೊಸಾಫ್ಟ್ ಒಡೆತನದಲ್ಲಿರುವ ಒಂದು ವ್ಯಾಪಾರಿ ಸಂಸ್ಥೆ, ಧರ್ಮಛತ್ರವಲ್ಲ. ಯಾರಿಗೆ ಯಾರ ಹೆಸರು ಸೂಚಿಸಬೇಕೆಂದು ತೀರ್ಮಾನಿಸುವುದು ಅದರ ಗಣಕಸೂತ್ರ. ಮೇಲೆ ಹೇಳಿದ 2022ರ ಸಂಶೋಧನೆ ಆಧರಿಸಿದ್ದು ಕೂಡ ಸದಸ್ಯರಿಗೆ ತೋರಿಸುವ ಈ ಸೂಚನೆಗಳನ್ನು ಬೇರೆ ಬೇರೆ ರೀತಿಯಲ್ಲಿ ಬದಲಿಸಿ ನಡೆಸಿದ ಪ್ರಯೋಗಗಳನ್ನೇ. ಅವರಿಗೆ ತಿಳಿಸದೆ ಹೀಗೆ ಮಾಡಬಹುದೆ ಎಂಬ ಆಕ್ಷೇಪ ಆಗಲೇ ಬಂದಿತ್ತು. ನಮ್ಮ ನಂಟುಗಳ ಕೀಲಿಕೈ ಬೇರೆಯವರ ಕೈಯಲ್ಲಿದೆ ಎಂಬುದನ್ನು ಮರೆಯಬಾರದು.

ಎರಡನೆಯದಾಗಿ, ಸ್ನೇಹಿತರ ಸ್ನೇಹಿತರನ್ನೇ ಪರಿಚಯಿಸುವ ಈ ವ್ಯವಸ್ಥೆಯಲ್ಲಿ ಇದ್ದವರಿಗೇ ಇನ್ನಷ್ಟು ಸೇರುತ್ತದೆ. ಅರಮನೆಯ ಆವರಣದಲ್ಲಿ ಕಂಡದ್ದೂ ಅದೇ. ನಗರದ ಹೆಸರುವಾಸಿ ಕಾಲೇಜುಗಳ ಮಕ್ಕಳು ತಮ್ಮ ಹಿರಿಯ ವಿದ್ಯಾರ್ಥಿಗಳನ್ನು ಮಳಿಗೆ ಮಳಿಗೆಯಲ್ಲೂ ಗುರುತಿಸಿ ಮಾತನಾಡಿಸುತ್ತಿದ್ದರು. ನಮ್ಮ ಮಕ್ಕಳಿಗೆ ಹಾಗೆ ಕರೆಯಲು ಒಂದು ಹೆಸರೂ ಇರಲಿಲ್ಲ. ಇಂಗ್ಲಿಷಿನಲ್ಲಿ ಮಾತು ಆರಂಭಿಸುವ ಅಳುಕು ಬೇರೆ. ಮೂರನೆಯದು ಪೊಳ್ಳುತನ. ಭಾಷಣಕಾರರ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಚಿತ್ರ ಪರಿಚಯವಲ್ಲ. ಐದು ನೂರು ಸಂಪರ್ಕಗಳಾದ ಮೇಲೆ ಜಾಲತಾಣವೇ ಎಣಿಸುವುದನ್ನು ಬಿಟ್ಟು ‘500+’ ಎಂದು ತೋರಿಸುತ್ತದೆ. ಬ್ರಿಟನ್ನಿನ ರಾಬಿನ್ ಡನ್‌ಬಾರ್ ಪ್ರಕಾರ ಮನುಷ್ಯನೊಬ್ಬ ನಿಜವಾಗಿ ನಿಭಾಯಿಸಬಲ್ಲ ಸಂಬಂಧಗಳು ಸುಮಾರು 150. ಉಳಿದದ್ದು ಹೆಸರುಗಳ ಪಟ್ಟಿ. ಇನ್ನು, ಕೆಲಸ ಕೊಡಿಸುವ ನೆಪದಲ್ಲಿ ಹಣ ಕೇಳುವ ವಂಚಕರೂ, ಹೆಣ್ಣುಮಕ್ಕಳಿಗೆ ಅನಗತ್ಯ ಸಂದೇಶ ಕಳುಹಿಸುವವರೂ ಅಲ್ಲಿದ್ದಾರೆ. ಮಕ್ಕಳಿಗೆ ಖಾತೆ ತೆರೆಯಲು ಹೇಳುವ ಮೊದಲು ಇದನ್ನೂ ಹೇಳಿಕೊಡಬೇಕು.

ತೆಳು ನಂಟು ಬೆಸೆಯಲು ದೊಡ್ಡ ಸಮಾವೇಶವೇ ಬೇಕೆಂದೂ ಇಲ್ಲ. 2001ರಲ್ಲಿ ಆರಂಭವಾದ ‘ಲಿನಕ್ಸ್ ಬೆಂಗಳೂರು’, 2009ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೊದಲ ಬಾರಿ ನಡೆದ ‘ಪೈಕಾನ್ ಇಂಡಿಯಾ’ ಮೊದಲಾದ ತಂತ್ರಜ್ಞರ ಕೂಟಗಳು ಇನ್ನೊಂದು ಮಾದರಿಯನ್ನು ತೋರಿಸಿವೆ. ಮುಕ್ತ ತಂತ್ರಾಂಶದ ಈ ಲೋಕದಲ್ಲಿ ನೀವು ಬರೆದ ಸಂಕೇತ ಎಲ್ಲರ ಕಣ್ಣೆದುರಿಗೇ ಇರುತ್ತದೆ. ‘ಯಾವ ಕಾಲೇಜು?’ ಎಂಬುದಕ್ಕಿಂತ ‘ಏನು ಮಾಡಿದ್ದೀರಿ?’ ಎಂಬ ಪ್ರಶ್ನೆ ಅಲ್ಲಿ ಮೊದಲು ಬರುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲೂ ಒಬ್ಬರನ್ನೊಬ್ಬರು ಕಾಣದ ಊರೂರಿನ ಜನ ಬೆಸೆದುಕೊಂಡದ್ದು ಮಾಡಿದ ಕೆಲಸದ ಮೂಲಕವೇ. ಕೆಲಸ ತಾನಾಗಿ ಮಾತನಾಡುತ್ತದೆ ಎಂಬ ನನ್ನ ಉಪದೇಶ ಪೂರ್ತಿ ಸುಳ್ಳಲ್ಲ. ಆದರೆ ಕೆಲಸವನ್ನು ನಾಲ್ಕು ಜನ ಕಾಣುವ ಕಡೆ ಇಡಬೇಕು ಎಂಬ ಅರ್ಧ ಮಾತನ್ನು ನಾನು ನುಂಗಿಬಿಟ್ಟಿದ್ದೆ.

ಒಂಬತ್ತನೆಯ ದಿನದ ಉತ್ತರ

ಅಂದು ರಾತ್ರಿ ಮೆಜೆಸ್ಟಿಕ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿರುವಾಗ ಆ ಹುಡುಗಿ ಖಾತೆ ತೆರೆದಳು. ಮಳಿಗೆಯ ಎಂಜಿನಿಯರ್‌ಗೆ ಏನು ಬರೆಯಬೇಕೆಂದು ನಾನು ಹೇಳಿಕೊಡಲು ಹೋದೆ. ‘ಪೂಜ್ಯರೇ, ತಮ್ಮಲ್ಲಿ ಸವಿನಯ ಪ್ರಾರ್ಥನೆ’ ಎಂಬ ರಜಾ ಅರ್ಜಿಯ ಧಾಟಿಯ ಇಂಗ್ಲಿಷು ನನ್ನದು. ಅವಳು ಅದನ್ನು ಬರೆದುಕೊಂಡು, ಒಮ್ಮೆ ಓದಿ, ಅಳಿಸಿಬಿಟ್ಟಳು. ‘ಇಷ್ಟು ಬೇಡ ಅನ್ಸುತ್ತೆ ಸರ್’ ಎಂದಳು. ತಾನು ಯಾರು, ಯಾವ ಮಳಿಗೆಯ ಮುಂದೆ ಭೇಟಿಯಾದದ್ದು, ತನ್ನ ಪ್ರಶ್ನೆ ಏನು ಎಂದು ನಾಲ್ಕು ಸಾಲು ಬರೆದು, ತೋಟದಲ್ಲಿ ನೆಟ್ಟಿದ್ದ ಸಾಧನದ ಒಂದು ಚಿತ್ರ ಸೇರಿಸಿ ಕಳುಹಿಸಿದಳು.

ಉತ್ತರ ಬಂದದ್ದು ಒಂಬತ್ತನೆಯ ದಿನ. ಅವಳು ಬಳಸಿದ್ದ ಸೆನ್ಸರ್ ಮಣ್ಣಿನಲ್ಲಿ ವಿದ್ಯುತ್ ಹರಿಸಿ ಅದರ ರೋಧವನ್ನು ಅಳೆಯುವಂಥದು. ಹಾಗೆ ವಿದ್ಯುತ್ ಹರಿದಾಗ ಒದ್ದೆ ಮಣ್ಣಿನಲ್ಲಿ ಅದರ ಲೋಹದ ಕಡ್ಡಿಗಳು ಕ್ರಮೇಣ ಸವೆದುಹೋಗುತ್ತವೆ, ಅಳತೆ ತಪ್ಪುತ್ತದೆ. ಲೋಹ ಮಣ್ಣಿಗೆ ನೇರವಾಗಿ ತಾಗದ ‘ಕೆಪ್ಯಾಸಿಟಿವ್’ ಮಾದರಿಯ ಸೆನ್ಸರ್ ಬಳಸಿದರೆ ಹೆಚ್ಚು ಕಾಲ ಬಾಳುತ್ತದೆ ಎಂದು ಆಕೆ ಬರೆದಿದ್ದರು. ಕೊನೆಯಲ್ಲಿ ಇನ್ನೊಂದು ಸಾಲು: ತಮ್ಮ ಕಂಪನಿ ವರ್ಷಕ್ಕೊಮ್ಮೆ ಎಲ್ಲ ಕಾಲೇಜಿನವರಿಗೂ ಇಂಟರ್ನ್‌ಶಿಪ್ ಪರೀಕ್ಷೆ ನಡೆಸುತ್ತದೆ, ಬರೆಯಬಹುದು. ಅಂಥದೊಂದು ಪರೀಕ್ಷೆ ಇದೆ ಎಂಬುದೇ ನಮ್ಮ ಕಾಲೇಜಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ಅವಳು ಪರೀಕ್ಷೆ ಬರೆದಳು, ಆಯ್ಕೆಯಾಗಲಿಲ್ಲ. ಆಕೆ ವಿನಾಯಿತಿ ಕೊಡಲಿಲ್ಲ, ಇವಳು ಕೇಳಲೂ ಇಲ್ಲ. ಆದರೆ ಪ್ರಶ್ನೆಗಳು ಹೇಗಿರುತ್ತವೆಂದು ತಿಳಿದುಕೊಂಡು, ಐದು ತಿಂಗಳ ನಂತರ ಬೇರೊಂದು ಕಡೆ ಅಂಥದೇ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಹೋಗುವ ಮೊದಲು ತನ್ನ ಕಿರಿಯರಿಗೆ ಆ ಪ್ರಶ್ನೆಗಳ ಸ್ವರೂಪವನ್ನು ಎರಡು ಪುಟಗಳಲ್ಲಿ ಬರೆದುಕೊಟ್ಟಳು. ತೋಟದಲ್ಲಿ ಹೊಸ ಸೆನ್ಸರ್ ಒಂದು ಮಳೆಗಾಲ ಕಳೆದಿದೆ.

2025ರ ನವೆಂಬರ್‌ನಲ್ಲಿ ಸಮಾವೇಶ ತುಮಕೂರು ರಸ್ತೆಯ ಅಂತರರಾಷ್ಟ್ರೀಯ ಪ್ರದರ್ಶನ ಕೇಂದ್ರದಲ್ಲಿ ನಡೆಯಿತು. ನಮ್ಮ ಕಡೆಯ ಬಸ್ಸುಗಳು ಬೆಂಗಳೂರು ಸೇರುವುದೇ ಆ ರಸ್ತೆಯಲ್ಲಿ. ಈ ಬಾರಿ ಹೋದ ಒಂಬತ್ತು ಮಂದಿ ಹದಿನೈದು ದಿನ ಮೊದಲೇ ಯಾರನ್ನು ಕಾಣಬೇಕು, ಏನು ಕೇಳಬೇಕು ಎಂದು ಬರೆದುಕೊಂಡಿದ್ದರು. ಇಬ್ಬರಿಗೆ ಆ ಹಳೆಯ ವಿದ್ಯಾರ್ಥಿಯೇ ತನ್ನ ಸಹೋದ್ಯೋಗಿಗಳನ್ನು ಪರಿಚಯಿಸಿದ. ನನ್ನಿಂದ ದೊರೆಯದ ಉತ್ತರವನ್ನು ಅವನು ಬೇರೆಯವರಿಗೆ ಕೊಟ್ಟ.

ರಾಜ್ಯ ಸರ್ಕಾರ ‘ಬಿಯಾಂಡ್ ಬೆಂಗಳೂರು’ ಎಂಬ ಹೆಸರಿನಲ್ಲಿ ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡಗಳತ್ತ ತಂತ್ರಜ್ಞಾನ ಉದ್ಯಮವನ್ನು ಒಯ್ಯುವ ಯತ್ನದಲ್ಲಿದೆ. ಕಟ್ಟಡ, ತೆರಿಗೆ ರಿಯಾಯಿತಿಗಳಷ್ಟೇ ಅಗತ್ಯವಾದದ್ದು ಈ ಪರಿಚಯದ ಹರಿವು. ಪ್ರತಿ ಕಾಲೇಜೂ ತನ್ನ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಬೆಳ್ಳಿಹಬ್ಬದ ದೇಣಿಗೆಗಷ್ಟೇ ತೆರೆಯದೆ ಕಿರಿಯರ ಪ್ರಶ್ನೆಗಳಿಗಾಗಿ ತೆರೆದಿಡಬಹುದು. ಜಿಲ್ಲೆಗಳ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸಮಾವೇಶದ ಸಂಘಟಕರು ಪ್ರದರ್ಶನದ ಪಾಸಿನೊಂದಿಗೆ, ಉದ್ಯಮದವರೊಬ್ಬರ ಜೊತೆ ಹದಿನೈದು ನಿಮಿಷ ಕುಳಿತು ಮಾತನಾಡುವ ಅವಕಾಶವನ್ನೂ ಕೊಡಬಹುದು. ಇದಕ್ಕೆಲ್ಲ ದೊಡ್ಡ ಹಣವೇನೂ ಬೇಕಾಗಿಲ್ಲ.

ಆದರೆ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ನಮ್ಮಂಥವರಿಂದ. ಈ ಪುಟ ಓದುವವರಲ್ಲಿ ಅನೇಕರು ಒಳ್ಳೆಯ ಉದ್ಯೋಗಗಳಲ್ಲಿರುವವರು, ನಿವೃತ್ತರು, ಹತ್ತು ಜನರನ್ನು ಬಲ್ಲವರು. ನಿಮ್ಮ ಫೋನಿನಲ್ಲೂ ಅಪರಿಚಿತ ಊರಿನ ಹುಡುಗನೋ ಹುಡುಗಿಯೋ ಬರೆದ ಒಂದು ಸಂದೇಶ ಇರಬಹುದು. ಅದರ ಇಂಗ್ಲಿಷು ತಪ್ಪಿರಬಹುದು, ಧಾಟಿ ಅತಿ ವಿನಯದ್ದಾಗಿರಬಹುದು. ಕೆಲಸ ಕೊಡಿಸುವುದು ನಿಮ್ಮಿಂದಾಗದು, ಕೊಡಿಸಲೂ ಬೇಡಿ. ತಿಳಿದಿದ್ದನ್ನು ತಿಳಿಸಿ, ತಿಳಿಯದಿದ್ದರೆ ತಿಳಿಯದೆಂದು ಬರೆಯಿರಿ.

ನಾನು ಆ ಹನ್ನೆರಡು ಸಂದೇಶಗಳಿಗೂ ಉತ್ತರಿಸಿದೆ. ನಾಲ್ಕು ವರ್ಷ ತಡವಾಗಿತ್ತು. ಏಳು ಮಂದಿ ಮರು ಉತ್ತರ ಬರೆದರು. ಆರು ಮಂದಿಗೆ ನನ್ನ ಸಹಾಯದ ಅಗತ್ಯ ತೀರಿಹೋಗಿತ್ತು. ಒಬ್ಬಳಿಗೆ ಮಾತ್ರ ಇನ್ನೂ ಇತ್ತು.